ಸಿಲ್ವರ್ ಓಕ್ ನಡುವಿನ ತಂತಿ

ಕಳಸದ ಹತ್ತಿರದ ಆ ತೋಟದ ಮನೆಗೆ ನಾನು ಹೋದದ್ದು ಒಂದು ತಂತಿಯನ್ನು ನೋಡಲು. ಎರಡು ಸಿಲ್ವರ್ ಓಕ್ ಮರಗಳ ನಡುವೆ ಸುಮಾರು 20 ಮೀಟರ್ ಉದ್ದದ ತಾಮ್ರದ ತಂತಿ. ಒಂದು ತುದಿಯನ್ನು ಮರಕ್ಕೆ ಬಿಗಿದಿದ್ದಾರೆ. ಇನ್ನೊಂದು ತುದಿಗೆ ಕಟ್ಟಿದ ಹಗ್ಗ ರಾಟೆಯ ಮೇಲೆ ಹಾದು ಕೆಳಗಿಳಿದಿದೆ, ಅದಕ್ಕೊಂದು ಕಲ್ಲು ತೂಗುಬಿಟ್ಟಿದೆ. ಮಳೆಗಾಲದ ಗಾಳಿಗೆ ಮರ ತೂಗಿದರೆ ಕಲ್ಲು ಮೇಲೆ ಕೆಳಗೆ ಆಡುತ್ತದೆ, ತಂತಿ ಹರಿಯುವುದಿಲ್ಲ. ಮರಗಸಿ, ಎಂದರೆ ನೆರಳುಮರದ ಕೊಂಬೆ ಕಡಿಯುವ ದಿನ ಮಾತ್ರ ಯಜಮಾನರು ತಾವೇ ಮರದ ಬುಡದಲ್ಲಿ ನಿಂತಿರುತ್ತಾರಂತೆ.

ತಂತಿಯ ನಡುವಿನಿಂದ ಇಳಿದ ಕೇಬಲ್ ಜಗಲಿಯ ಮೇಜಿಗೆ ಬರುತ್ತದೆ. ಮೇಜಿನ ಮೇಲೆ ರೇಡಿಯೊ, ಕೆಳಗೆ ಕಾರಿನ ಬ್ಯಾಟರಿ. ಅವರು ಹವ್ಯಾಸಿ ರೇಡಿಯೊ ಬಳಸುವವರು, ಎಂದರೆ ಹ್ಯಾಮ್.

ಹೊಸಬರು ಮೊದಲ ರೇಡಿಯೊ ಯಾವುದು ತೆಗೆದುಕೊಳ್ಳಬೇಕು ಎಂದು ಕೇಳಿದೆ.

"ನಾನು ಮೊದಲು ತಗೊಂಡಿದ್ದು ವಾಕಿಟಾಕಿ ಮಾರಾಯ್ರೆ. ಮನೆಯಿಂದ ಕರೆದರೆ ಗುಡ್ಡದ ಆಚೆ ಒಂದು ನರಪಿಳ್ಳೆಗೂ ಕೇಳ್ತಿರ್ಲಿಲ್ಲ" ಎಂದರು.

ತಪ್ಪು ವಾಕಿಟಾಕಿಯದಲ್ಲ. ಅದು ಕೆಲಸ ಮಾಡುವ 144ರಿಂದ 146 ಮೆಗಾಹರ್ಟ್ಸ್ ಅಲೆಗಳು ಹೆಚ್ಚುಕಡಿಮೆ ಕಣ್ಣಿನ ನೋಟದಂತೆ ನೇರ ಹೋಗುತ್ತವೆ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ಮೇಲೆ ನಿಂತರೆ ಐದು ವಾಟ್‌ನ ಸೆಟ್ಟೂ ಬಹುದೂರ ಮುಟ್ಟುತ್ತದೆ. ಭದ್ರೆಯ ದಡದ ಕಣಿವೆಯಲ್ಲಿ ಸುತ್ತಲೂ ಗೋಡೆ. ಅಲೆಯನ್ನು ಎತ್ತರದಿಂದ ಮತ್ತೆ ಹರಡುವ ರಿಪೀಟರ್ ಇರುವ ಬೆಂಗಳೂರಿನವರು ಮೊದಲು ವಾಕಿಟಾಕಿ ಕೊಳ್ಳಿ ಎಂದರೆ ಆ ಸಲಹೆಯನ್ನು ಮಲೆನಾಡಿನವರು ಹಾಗೇ ಒಪ್ಪಬಾರದು ಎನ್ನುವುದು ಇದಕ್ಕೇ.

ಇಲ್ಲಿಗೆ ಬೇಕಾದದ್ದು 7 ಮೆಗಾಹರ್ಟ್ಸ್‌ನ, 40 ಮೀಟರ್ ಬ್ಯಾಂಡಿನ ಸೆಟ್ಟು. ತಂತಿಯನ್ನು ಆರೇಳು ಮೀಟರ್ ಎತ್ತರಕ್ಕೆ ಕಟ್ಟಿದರೆ ಸಾಕು. ಅಲೆ ನೆಟ್ಟಗೆ ಆಕಾಶಕ್ಕೇರಿ, ಅಯಾನುಗೋಳಕ್ಕೆ ತಾಗಿ, ಮಳೆಯಂತೆ ಗುಡ್ಡದ ಎರಡೂ ಕಡೆ ಬೀಳುತ್ತದೆ. ಹಗಲಲ್ಲಿ ಸುತ್ತಲಿನ ಮುನ್ನೂರು ಕಿಲೋಮೀಟರ್ ದೂರದೊಳಗಿನ ಊರುಗಳೆಲ್ಲ ಪಕ್ಕದ ಮನೆಯಂತೆ. ರಾತ್ರಿಯಾದರೆ ಹತ್ತಿರದವರು ಮಸುಕಾಗಿ ದೂರದವರ ದನಿ ಏಳುತ್ತದೆ.

ಇಂಥ ಸೆಟ್ಟು ದುಬಾರಿ, ನಿಜ. ಹೈದರಾಬಾದಿನ ಅಶ್ಹರ್ ಫರ್ಹಾನ್ ಕೈಯಲ್ಲೇ ಜೋಡಿಸಬಹುದಾದ ಬಿಟ್ಎಕ್ಸ್ ರೂಪಿಸಿದ್ದು ಈ ಕಷ್ಟ ನೋಡಿಯೇ. ಅದರ ಸುರುಳಿಗಳನ್ನು ನಲ್ಲಿಯ ವಾಷರ್‌ಗೆ ತಂತಿ ಸುತ್ತಿ ಮಾಡಿದ್ದರು! ಬೆಸುಗೆ ಕಲಿಯುವ ಹುಡುಗರಿಗೆ ನಾನು ಹೇಳುವುದು ಅದನ್ನೇ.

ಕೊಳ್ಳುವ ಮೊದಲು ಕೇಂದ್ರ ಸರ್ಕಾರದ ಪರೀಕ್ಷೆ ಬರೆದು ಪರವಾನಗಿ ಪಡೆಯಬೇಕು. 12 ವರ್ಷ ತುಂಬಿದ್ದರೆ ಸಾಕು.

ಈ ಹವ್ಯಾಸ ನಮ್ಮ ದೇಶದಲ್ಲಿ 1921ರಲ್ಲಿ ಅಮರೇಂದ್ರ ಚಂದ್ರ ಗುಪ್ತು ಅವರಿಂದ ಶುರುವಾಯಿತು. ಬೆಂಗಳೂರಿನ ಹ್ಯಾಮ್ ಕ್ಲಬ್ಬು 1959ರದು. 2004ರ ಡಿಸೆಂಬರಿನಲ್ಲಿ ಹವ್ಯಾಸಕ್ಕೆಂದು ಅಂಡಮಾನಿಗೆ ಹೋಗಿದ್ದ ಭಾರತಿ ಪ್ರಸಾದ್, ಸುನಾಮಿ ಬಡಿದು ಫೋನು ಸತ್ತಾಗ ಬದುಕಿದವರ ಸುದ್ದಿಯನ್ನು ಪೋರ್ಟ್‌ಬ್ಲೇರ್‌ನಿಂದ ದಾಟಿಸಿದ್ದು ಶಾರ್ಟ್‌ವೇವ್ ರೇಡಿಯೊದಲ್ಲಿ.

ನಮ್ಮ ಕಡೆಯೂ ಅಂಥ ದಿನಗಳು ಬರುತ್ತವೆ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆಯ ಮೇಲೆ ಗುಡ್ಡ ಜರಿಯಿತು, ಚಾರ್ಮಾಡಿ ಘಾಟಿ ಮುಚ್ಚಿತು. ಭದ್ರೆ ಉಕ್ಕಿದರೆ ಹೆಬ್ಬಾಳೆ ಸೇತುವೆ ಮುಳುಗಿ ಕಳಸ–ಹೊರನಾಡು ದಾರಿ ಕಡಿಯುತ್ತದೆ. ಕರೆಂಟು ಹೋಗಿ, ಟವರಿನ ಡೀಸೆಲ್ ಮುಗಿದರೆ ಉಳಿಯುವುದು ಇಂಥದೊಂದು ತಂತಿ, ಒಂದು ಬ್ಯಾಟರಿ. ಹೋಬಳಿಗೊಂದು ಹೈಸ್ಕೂಲಿನಲ್ಲಾದರೂ ಇದು ಇರಲಿ ಎಂದು ನನ್ನ ಆಸೆ.

ಮಾತಿನ ನಡುವೆ ದೂರದಲ್ಲಿ ಗುಡುಗಿತು. ಅವರು ಎದ್ದು ಕೇಬಲ್ ಬಿಚ್ಚಿ ಕಿಟಕಿಯಿಂದ ಹೊರಗೆ ಹಾಕಿದರು. ಗೂಡಿನಲ್ಲಿ ಆ ಮೊದಲ ವಾಕಿಟಾಕಿ ಕಂಡಿತು. ಇನ್ನೂ ಯಾಕೆ ಇಟ್ಟುಕೊಂಡಿದ್ದೀರಿ ಎಂದೆ.

"ಈ ಕಣಿವೆಯೊಳಗೆ ಇನ್ನೊಬ್ಬರು ಪರೀಕ್ಷೆ ಪಾಸಾದ್ರೆ ಮಾತಾಡ್ಲಿಕ್ಕೆ ಬೇಕಾಗ್ತದಲ್ಲ" ಎಂದರು. ತಿಂಗಳಿಗೊಮ್ಮೆ ಅದನ್ನು ಚಾರ್ಜ್ ಮಾಡಿಡುತ್ತಾರೆ.