ಹಾರ್ನ್ ಸ್ಪರ್ಧೆಗೆ ಫೀಸು ಕಟ್ಟೋ ಮುಂಚೆ

ಬಿಡಕಿನ್‌ನಲ್ಲಿ ಕೆಲಸ ಮಾಡೋ ವೀಕ್ಷಕರೊಬ್ಬರು ಕೇಳಿದ್ದಾರೆ: "ಮಗಳು ಆಲ್ಟೋ ಸ್ಯಾಕ್ಸೋಫೋನ್ ನುಡಿಸ್ತಾಳೆ ಸಾರ್, ಆನ್‌ಲೈನ್ ಹಾರ್ನ್ ಸ್ಪರ್ಧೆಗೆ ಹಾಕಬಹುದಾ? ವಯಸ್ಸಿನ ಮಿತಿ ಈ ವರ್ಷಕ್ಕೇ ಮುಗಿಯುತ್ತೆ."

ಮೊದಲು ವಾದ್ಯಗಳ ಪಟ್ಟಿ ಓದಿ. ಜಾಝ್‌ನವರ ಬಾಯಲ್ಲಿ ಸ್ಯಾಕ್ಸೋಫೋನ್, ಟ್ರಂಪೆಟ್, ಟ್ರೊಂಬೋನ್ ಎಲ್ಲವೂ ಹಾರ್ನೇ. ಆದ್ರೆ 'ಹಾರ್ನ್ ಎನ್ಸೆಂಬಲ್' ಅಂದ್ರೆ ಸಾಮಾನ್ಯವಾಗಿ ಫ್ರೆಂಚ್ ಹಾರ್ನ್ ತಂಡ, ಬಸವನಹುಳುವಿನ ಹಾಗೆ ಸುತ್ತಿಕೊಂಡಿರುತ್ತಲ್ಲ, ಆ ವಾದ್ಯ. 'ಜಾಝ್ ಹಾರ್ನ್' ಕೂಡ ಕೆಲವು ಕಡೆ ಅದೇ. 1953ರಲ್ಲಿ ಥೆಲೋನಿಯಸ್ ಮಾಂಕ್ ಜೊತೆ ರೆಕಾರ್ಡ್ ಮಾಡಿದ ಜೂಲಿಯಸ್ ವಾಟ್ಕಿನ್ಸ್ ನುಡಿಸಿದ್ದು ಫ್ರೆಂಚ್ ಹಾರ್ನನ್ನೇ. ಅನುಮಾನ ಇದ್ರೆ ಆಯೋಜಕರಿಗೆ ಇಮೇಲ್ ಹಾಕಿ, ಆಮೇಲೆ ದುಡ್ಡು ಕಟ್ಟಿ.

ಜಾಝ್ ಸೋಲೋ ವಿಭಾಗದಲ್ಲಿ ಪಾಠ ಒಪ್ಪಿಸಿದ ಹಾಗೆ ನುಡಿಸಿದ್ರೆ ಸಾಲದು. ಅಲ್ಲಿ ನೋಡೋದು ನಾವು ಮನೋಧರ್ಮ ಅಂತೀವಲ್ಲ, ಅದನ್ನ. ನಮ್ಮ ಕದ್ರಿ ಗೋಪಾಲನಾಥರು 1980ರಲ್ಲಿ ಮುಂಬೈನ ಜಾಝ್ ಯಾತ್ರೆಯಲ್ಲಿ ಜಾನ್ ಹ್ಯಾಂಡಿ ಜೊತೆ ಕೂಡಿ ನುಡಿಸಿದ್ದೂ ಅದರ ಬಲದಿಂದಲೇ ಅಂತ ನನ್ನ ಅಭಿಪ್ರಾಯ.

ಇನ್ನೊಂದು: ಆಲ್ಟೋದಲ್ಲಿ 'ಸಿ' ಅಂತ ಬರೆದದ್ದನ್ನ ನುಡಿಸಿದ್ರೆ ಪಿಯಾನೋದ ಇ-ಫ್ಲಾಟ್ ಕೇಳುತ್ತೆ. ಹಿನ್ನೆಲೆ ಟ್ರ್ಯಾಕ್ ಮಾಡಿಸುವಾಗ ಪಿಯಾನೋ ಲೆಕ್ಕದಲ್ಲೇ ಶ್ರುತಿ ಹೇಳಿ.

ಫೋನನ್ನ ವಾದ್ಯದ ಬಾಯಿಗೆ ನೇರ ಹಿಡೀಬೇಡಿ, ಧ್ವನಿ ಒಡೆಯುತ್ತೆ. ಎರಡು ಮೀಟರ್ ದೂರ ಇಡಿ. ಮದುವೆ ಸೀಸನ್ ಬೇರೆ, ಬೀದಿಗೆ ಬ್ಯಾಂಡಿನವರು ಬರೋದ್ರೊಳಗೆ ಬೆಳಿಗ್ಗೆಯೇ ರೆಕಾರ್ಡಿಂಗ್ ಮುಗಿಸಿಬಿಡಿ.