ಅಂಗಳ ಹಾಗೂ ಕೈತೋಟದಲ್ಲಿ ಕಂಡುಬರುವ ಸಂಶಯಾಸ್ಪದ ಆಹಾರದಿಂದ ಸಾಕುಪ್ರಾಣಿಗಳ ರಕ್ಷಣೆ

ಮನೆಯ ಅಂಗಳ, ಕೈತೋಟ ಅಥವಾ ಕಾಂಪೌಂಡಿನ ಅಂಚಿನಲ್ಲಿ ಮನೆಯವರು ಇಡದ ಮಾಂಸದ ತುಂಡು, ಬನ್ನು, ಹಿಟ್ಟಿನ ಉಂಡೆ ಅಥವಾ ಬಣ್ಣದ ಗುಳಿಗೆಗಳು ಕಂಡುಬಂದಲ್ಲಿ ಅವುಗಳನ್ನು ವಿಷಯುಕ್ತವೆಂದೇ ಭಾವಿಸಿ ಎಚ್ಚರ ವಹಿಸಬೇಕು. ಇಂತಹ ಸಂದರ್ಭದಲ್ಲಿ ಸಾಕುಪ್ರಾಣಿಯನ್ನು ಕೂಡಲೇ ಅಲ್ಲಿಂದ ದೂರ ಕರೆದೊಯ್ಯುವುದು ಮೊದಲ ಕೆಲಸ. ಆ ಆಹಾರವನ್ನು ಎಸೆಯದೆ ಜೋಪಾನವಾಗಿ ತೆಗೆದಿರಿಸುವುದು ಎರಡನೆಯ ಕೆಲಸ. ಗಾಬರಿಯಲ್ಲಿ ಅದನ್ನು ಸುಟ್ಟುಹಾಕುವವರು ಅಥವಾ ಚರಂಡಿಗೆ ಎಸೆಯುವವರು ಹೆಚ್ಚು. ಹಾಗೆ ಮಾಡಿದಲ್ಲಿ ಯಾವ ವಿಷಕ್ಕೆ ಚಿಕಿತ್ಸೆ ನೀಡಬೇಕೆಂಬುದು ಪಶುವೈದ್ಯರಿಗೆ ಸುಲಭವಾಗಿ ತಿಳಿಯುವುದಿಲ್ಲ. ಮುಂದೆ ದೂರು ನೀಡಬೇಕಾಗಿ ಬಂದಲ್ಲಿ ಸಾಕ್ಷ್ಯವೂ ಉಳಿಯುವುದಿಲ್ಲ.

ಅಪಾಯವು ಬರುವ ಬಗೆ

ಎಲ್ಲ ವಿಷಪ್ರಾಶನಗಳೂ ದುರುದ್ದೇಶದಿಂದ ಆಗುವುದಿಲ್ಲ. ಇಲಿ, ಹೆಗ್ಗಣ ಹಾಗೂ ಬಸವನಹುಳುಗಳ ನಿಯಂತ್ರಣಕ್ಕಾಗಿ ನೆರೆಹೊರೆಯವರು ಅಥವಾ ಸ್ವತಃ ಮನೆಯವರೇ ಇಟ್ಟ ಮದ್ದನ್ನು ನಾಯಿ, ಬೆಕ್ಕುಗಳು ತಿನ್ನುವುದುಂಟು. ವಿಷ ತಿಂದು ಸತ್ತ ಅಥವಾ ಸಾಯುತ್ತಿರುವ ಇಲಿಯನ್ನು ಹಿಡಿದು ತಿಂದ ಬೆಕ್ಕಿಗೂ ವಿಷವೇರಬಹುದು. ಕಾಗೆಗಳು ಹಾಗೂ ಬೀದಿನಾಯಿಗಳು ಬೇರೆಡೆಯಿಂದ ಕಚ್ಚಿ ತಂದ ಆಹಾರವು ಅಂಗಳದಲ್ಲಿ ಬೀಳುವುದೂ ಇದೆ.

ಗಿಡಗಳಿಗೆ ಗೊಬ್ಬರವಾಗಿ ಬಳಸುವ ಹರಳು ಹಿಂಡಿಯ ವಿಷಯದಲ್ಲಿ ವಿಶೇಷ ಎಚ್ಚರಿಕೆ ಅಗತ್ಯ. ಹರಳು ಬೀಜದಲ್ಲಿರುವ ರೈಸಿನ್ ಎಂಬ ವಿಷವು ಸರಿಯಾಗಿ ಸಂಸ್ಕರಿಸದ ಹಿಂಡಿಯಲ್ಲಿಯೂ ಉಳಿದಿರುತ್ತದೆ. ಎಲುಬಿನ ಪುಡಿಯೊಡನೆ ಬೆರೆಸಿ ಹಾಕಿದಾಗ ಅದರ ವಾಸನೆಗೆ ನಾಯಿಗಳು ಮಣ್ಣನ್ನು ಕೆದಕಿ ತಿನ್ನುತ್ತವೆ. ಕೆಲವು ಗಂಟೆಗಳಿಂದ ಒಂದೆರಡು ದಿನಗಳೊಳಗೆ ವಾಂತಿ, ಹೊಟ್ಟೆನೋವು ಹಾಗೂ ರಕ್ತಭೇದಿ ಕಾಣಿಸಿಕೊಳ್ಳುತ್ತದೆ. ಸಾಕುಪ್ರಾಣಿ ಓಡಾಡುವ ಕೈತೋಟದಲ್ಲಿ ಈ ಹಿಂಡಿಯನ್ನು ಬಳಸದಿರುವುದು ಸೂಕ್ತ.

ಹಬ್ಬ ಅಥವಾ ಸಮಾರಂಭದ ನಂತರ ಎಲೆಯೊಡನೆ ಎಸೆದ ಊಟವೂ ನಿರಪಾಯಕಾರಿಯಲ್ಲ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಹಾಗೂ ಕ್ಸೈಲಿಟಾಲ್ ಬೆರೆತ ಸಕ್ಕರೆರಹಿತ ತಿನಿಸುಗಳು ನಾಯಿಗಳಿಗೆ ಹಾನಿಕರ. ಬೇಯಿಸಿದ ಕೋಳಿ ಮೂಳೆಯು ಚೂಪಾಗಿ ಸೀಳಿ ಗಂಟಲು ಹಾಗೂ ಕರುಳನ್ನು ಗಾಯಗೊಳಿಸಬಹುದು.

ಸಾಮಾನ್ಯವಾಗಿ ಕಂಡುಬರುವ ವಿಷಗಳು ಮತ್ತು ಲಕ್ಷಣಗಳು

1. ಸತುವಿನ ಫಾಸ್ಫೈಡ್ (ಜಿಂಕ್ ಫಾಸ್ಫೈಡ್): ಇದು ಬೂದು ಮಿಶ್ರಿತ ಕಪ್ಪು ಬಣ್ಣದ ಇಲಿ ಪಾಷಾಣ. ಹಿಟ್ಟು, ಎಣ್ಣೆ ಅಥವಾ ಕೊಬ್ಬರಿಯೊಡನೆ ಬೆರೆಸಿ ಇಡಲಾಗುತ್ತದೆ. ಹೊಟ್ಟೆಯ ಆಮ್ಲದೊಡನೆ ಸೇರಿದಾಗ ಫಾಸ್ಫೀನ್ ಎಂಬ ವಿಷಾನಿಲ ಉಂಟಾಗುತ್ತದೆ. ಲಕ್ಷಣಗಳು ಹೆಚ್ಚಾಗಿ ಕಾಲು ಗಂಟೆಯಿಂದ ನಾಲ್ಕು ಗಂಟೆಯೊಳಗೆ ತೋರುತ್ತವೆ. ಇದಕ್ಕೆ ನಿರ್ದಿಷ್ಟ ಪ್ರತಿವಿಷವಿಲ್ಲ. ಹಾಲು ಅಥವಾ ಅನ್ನ ತಿನ್ನಿಸಿದಲ್ಲಿ ಆಮ್ಲ ಹೆಚ್ಚಿ ಅನಿಲವೂ ಹೆಚ್ಚುವುದರಿಂದ ಹಾಗೆ ಮಾಡಕೂಡದು. ಪ್ರಾಣಿಯ ವಾಂತಿಯಿಂದ ಹೊರಡುವ ಅನಿಲವು ಮನುಷ್ಯರಿಗೂ ಅಪಾಯಕಾರಿ. ಆದುದರಿಂದ ವಾಹನದ ಕಿಟಕಿಗಳನ್ನು ತೆರೆದಿಟ್ಟು ಪ್ರಯಾಣಿಸಬೇಕು.

2. ಬ್ರೊಮಾಡಿಯೋಲೋನ್ ಮುಂತಾದವು: ಬಿಲ್ಲೆಗಳ ರೂಪದಲ್ಲಿ ಸಿಗುವ ಈ ಇಲಿ ಮದ್ದು ದೇಹದಲ್ಲಿ ಕೆ ಜೀವಸತ್ವದ ಮರುಬಳಕೆಯನ್ನು ತಡೆದು, ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ಮೊದಲ ಎರಡು ಮೂರು ದಿನ ಪ್ರಾಣಿಯು ಆರೋಗ್ಯವಾಗಿಯೇ ಕಾಣುತ್ತದೆ. ನಂತರ ನಿಶ್ಶಕ್ತಿ, ಬಿಳಿಚಿದ ಒಸಡು, ಮೂಗಿನಿಂದ ರಕ್ತ, ಉಸಿರಾಟದ ತೊಂದರೆ ಕಾಣಿಸಿಕೊಳ್ಳುತ್ತವೆ. ತಿಂದದ್ದು ಖಚಿತವಾಗಿದ್ದಲ್ಲಿ ಲಕ್ಷಣಗಳಿಗಾಗಿ ಕಾಯಬಾರದು. ಕೆ1 ಜೀವಸತ್ವದ ಚಿಕಿತ್ಸೆಯಿಂದ ಪ್ರಾಣಿಯನ್ನು ಉಳಿಸಬಹುದಾಗಿದ್ದು, ಅದನ್ನು ಪಶುವೈದ್ಯರು ಸೂಚಿಸಿದಷ್ಟು ವಾರಗಳ ಕಾಲ ಪೂರ್ತಿಯಾಗಿ ನೀಡಬೇಕು.

3. ಕೃಷಿ ಕೀಟನಾಶಕಗಳು: ಆರ್ಗನೋಫಾಸ್ಫೇಟ್ ಮತ್ತು ಕಾರ್ಬಮೇಟ್ ಗುಂಪಿನ ಕೀಟನಾಶಕಗಳು ನರಮಂಡಲದ ಮೇಲೆ ಪರಿಣಾಮ ಬೀರುತ್ತವೆ. ಕೆಲವೇ ನಿಮಿಷಗಳಿಂದ ಕೆಲವು ಗಂಟೆಗಳೊಳಗೆ ಜೊಲ್ಲು ಸುರಿಯುವುದು, ಕಣ್ಣೀರು, ಭೇದಿ, ಕಣ್ಣಿನ ಪಾಪೆ ಕಿರಿದಾಗುವುದು, ಮೈ ನಡುಕ ಹಾಗೂ ಏದುಸಿರು ಕಂಡುಬರುತ್ತವೆ. ಅಟ್ರೋಪಿನ್ ಚುಚ್ಚುಮದ್ದು ಸಕಾಲದಲ್ಲಿ ದೊರೆತರೆ ಪ್ರಾಣ ಉಳಿಯುವ ಸಾಧ್ಯತೆ ಹೆಚ್ಚು. ಇವು ಚರ್ಮದ ಮೂಲಕವೂ ದೇಹವನ್ನು ಸೇರುವುದರಿಂದ ಪ್ರಾಣಿಯನ್ನು ಮುಟ್ಟುವವರು ಕೈಗವಸು ಧರಿಸಬೇಕು.

4. ಮೆಟಾಲ್ಡಿಹೈಡ್: ಬಸವನಹುಳುಗಳನ್ನು ಕೊಲ್ಲಲು ತೋಟಗಳಲ್ಲಿ ಚೆಲ್ಲುವ ಗುಳಿಗೆ. ಇದರ ರುಚಿಗೆ ನಾಯಿಗಳು ಆಕರ್ಷಿತವಾಗುತ್ತವೆ. ತಿಂದ ಕೆಲವು ಗಂಟೆಗಳಲ್ಲಿ ತೀವ್ರ ನಡುಕ, ಅತಿಯಾದ ಮೈಬಿಸಿ ಹಾಗೂ ಸೆಳವು ಉಂಟಾಗುತ್ತದೆ.

5. ಸಿಡಿಮದ್ದು: ಕಾಡುಹಂದಿಗಳ ಹಾವಳಿ ಇರುವ ಕಡೆ ಆಹಾರದೊಳಗೆ ಸಿಡಿಮದ್ದನ್ನು ಅಡಗಿಸಿ ಇಡುವ ಅಕ್ರಮ ಪದ್ಧತಿ ಇದೆ. ಕಾಡಂಚಿನ ತೋಟ, ಗದ್ದೆಗಳಲ್ಲಿ ದಾರ ಅಥವಾ ಕಾಗದ ಸುತ್ತಿದ ಗಟ್ಟಿ ಉಂಡೆ ಕಂಡುಬಂದಲ್ಲಿ ಅದನ್ನು ಮುಟ್ಟದೆ, ಕದಲಿಸದೆ 112ಕ್ಕೆ ಕರೆ ಮಾಡಬೇಕು. ಇಂತಹ ವಸ್ತುವನ್ನು ಯಾವ ಕಾರಣಕ್ಕೂ ಮಾದರಿಯಾಗಿ ಸಂಗ್ರಹಿಸತಕ್ಕದ್ದಲ್ಲ.

ಪ್ರಾಣಿಯು ತಿಂದಿರುವ ಸಂಶಯವಿದ್ದಲ್ಲಿ

* ಬಾಯಿಯಲ್ಲಿ ಉಳಿದಿರುವ ಆಹಾರವನ್ನು, ಕಚ್ಚಿಸಿಕೊಳ್ಳುವ ಅಪಾಯವಿಲ್ಲದಿದ್ದಲ್ಲಿ ಮಾತ್ರ, ಕೈಗವಸು ಧರಿಸಿ ತೆಗೆಯುವುದು.
* ತಿಂದ ಸಮಯ, ಅಂದಾಜು ಪ್ರಮಾಣ ಹಾಗೂ ಪ್ರಾಣಿಯ ತೂಕವನ್ನು ಬರೆದುಕೊಳ್ಳುವುದು.
* ಸಮೀಪದ ಪಶು ಆಸ್ಪತ್ರೆಗೆ ದೂರವಾಣಿ ಮೂಲಕ ತಿಳಿಸಿ ತಡಮಾಡದೆ ಹೊರಡುವುದು. ತಿಂದ ಒಂದೆರಡು ಗಂಟೆಗಳೊಳಗೆ ತಲುಪಿದಲ್ಲಿ ಹೊಟ್ಟೆಯಲ್ಲಿರುವ ವಿಷವನ್ನು ಹೊರತೆಗೆಯಲು ಪಶುವೈದ್ಯರಿಗೆ ಅವಕಾಶವಿರುತ್ತದೆ.
* ವಿಷದ ಪೊಟ್ಟಣ ಅಥವಾ ಡಬ್ಬಿ ಸಿಕ್ಕಿದ್ದಲ್ಲಿ ಜೊತೆಗೆ ಒಯ್ಯುವುದು. ಕೀಟನಾಶಕದ ಚೀಟಿಯ ಮೇಲೆ ವಿಷದ ಹೆಸರು, ಪ್ರತಿವಿಷದ ವಿವರ ಹಾಗೂ ತೀವ್ರತೆಯನ್ನು ಸೂಚಿಸುವ ಬಣ್ಣದ ತ್ರಿಕೋನ ಇರುತ್ತವೆ. ಕೆಂಪು ಬಣ್ಣವು ಅತ್ಯಂತ ತೀವ್ರ ವಿಷವನ್ನೂ, ನಂತರ ಕ್ರಮವಾಗಿ ಹಳದಿ, ನೀಲಿ ಹಾಗೂ ಹಸಿರು ಬಣ್ಣಗಳು ಕಡಿಮೆಯಾಗುವ ತೀವ್ರತೆಯನ್ನೂ ಸೂಚಿಸುತ್ತವೆ.

ಉಪ್ಪುನೀರು ಕುಡಿಸುವುದು, ಹುಣಸೆ ರಸ, ಎಣ್ಣೆ, ಹಾಲು ಅಥವಾ ಹಸಿ ಮೊಟ್ಟೆ ಹಾಕುವುದು ರೂಢಿಯಲ್ಲಿದೆ. ಇವುಗಳಿಂದ ಪ್ರಯೋಜನಕ್ಕಿಂತ ಹಾನಿಯೇ ಹೆಚ್ಚು. ಅತಿಯಾದ ಉಪ್ಪು ತಾನೇ ವಿಷವಾಗಬಲ್ಲದು. ಪ್ರಜ್ಞೆ ತಪ್ಪಿದ ಅಥವಾ ಸೆಳವಿನಲ್ಲಿರುವ ಪ್ರಾಣಿಯ ಬಾಯಿಗೆ ಏನನ್ನು ಹಾಕಿದರೂ ಅದು ಶ್ವಾಸಕೋಶ ಸೇರುವ ಅಪಾಯವಿದೆ. ಬೆಕ್ಕುಗಳಿಗೆ ಪ್ಯಾರಾಸಿಟಮಾಲ್ ಮಾತ್ರೆಯನ್ನು ನೀಡಲೇಬಾರದು. ಅದು ಅವುಗಳಿಗೆ ಪ್ರಾಣಾಂತಿಕ.

ಆಹಾರದ ಮಾದರಿಯನ್ನು ಸಂಗ್ರಹಿಸುವ ವಿಧಾನ

ಆಹಾರವು ಇದ್ದ ಸ್ಥಳದಲ್ಲಿಯೇ ಇರುವಂತೆ ಮೊದಲು ಛಾಯಾಚಿತ್ರ ತೆಗೆಯಬೇಕು. ನಂತರ ಕೈಗವಸು ಧರಿಸಿ ಅದನ್ನು ಶುಚಿಯಾದ, ಬಿಗಿ ಮುಚ್ಚಳದ ಗಾಜಿನ ಶೀಶೆಯಲ್ಲಿ ಅಥವಾ ಎರಡು ಪದರದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಮೂಸಿ ನೋಡದೆ ಮುಚ್ಚಬೇಕು. ದಿನಾಂಕ, ಸಮಯ, ಸ್ಥಳ ಹಾಗೂ ಸಂಗ್ರಹಿಸಿದವರ ಹೆಸರನ್ನು ಚೀಟಿಯಲ್ಲಿ ಬರೆದು ಅಂಟಿಸಬೇಕು. ಪ್ರಾಣಿಯ ವಾಂತಿಯನ್ನು ಪ್ರತ್ಯೇಕ ಶೀಶೆಯಲ್ಲಿ ಇರಿಸಬೇಕು. ಮಾದರಿಗಳನ್ನು ಮಕ್ಕಳ ಕೈಗೆ ಸಿಗದಂತೆ, ಮನುಷ್ಯರ ಆಹಾರದಿಂದ ದೂರವಾಗಿ ತಂಪಾದ ಸ್ಥಳದಲ್ಲಿ ಇಡಬೇಕು.

ಪ್ರಾಣಿ ಮೃತಪಟ್ಟಲ್ಲಿ

ಮರಣದ ಕಾರಣ ತಿಳಿಯಬೇಕಾದಲ್ಲಿ ಶವವನ್ನು ಹೂಳುವ ಮೊದಲೇ ಪಶುವೈದ್ಯಾಧಿಕಾರಿಗಳನ್ನು ಸಂಪರ್ಕಿಸಿ ಮರಣೋತ್ತರ ಪರೀಕ್ಷೆಗೆ ಲಿಖಿತ ಅರ್ಜಿ ಸಲ್ಲಿಸಬೇಕು. ಬಿಸಿಲಿನಲ್ಲಿ ಶವವು ಬೇಗನೆ ಕೊಳೆಯುವುದರಿಂದ ಮಂಜುಗಡ್ಡೆಯ ನಡುವೆ ತಂಪಾಗಿ ಇರಿಸುವುದು ಸೂಕ್ತ. ಅರ್ಜಿಯಲ್ಲಿ ಈ ಕೆಳಕಂಡ ವಿವರಗಳಿರಬೇಕು.

1. ಮಾಲೀಕರ ಹೆಸರು, ವಿಳಾಸ ಹಾಗೂ ದೂರವಾಣಿ ಸಂಖ್ಯೆ
2. ಪ್ರಾಣಿಯ ತಳಿ, ಲಿಂಗ, ವಯಸ್ಸು, ಬಣ್ಣ ಹಾಗೂ ಗುರುತುಗಳು
3. ಪ್ರಾಣಿಯು ಕೊನೆಯದಾಗಿ ಆರೋಗ್ಯವಾಗಿದ್ದ ಸಮಯ, ಲಕ್ಷಣಗಳು ಹಾಗೂ ಮರಣದ ಸಮಯ
4. ದೊರೆತ ಆಹಾರದ ವಿವರ ಹಾಗೂ ನೀಡಲಾದ ಚಿಕಿತ್ಸೆ
5. ಲಸಿಕೆ ಚೀಟಿಯ ಪ್ರತಿ ಹಾಗೂ ಪ್ರಾಣಿಯ ಭಾವಚಿತ್ರ

ಅಪರಾಧದ ಸಂಶಯವಿದ್ದಲ್ಲಿ ಮೊದಲು ಪೊಲೀಸ್ ಠಾಣೆಗೆ ದೂರು ನೀಡುವುದು ಅಗತ್ಯ. ಆಗ ಪೊಲೀಸರ ಕೋರಿಕೆಯ ಮೇರೆಗೆ ಪರೀಕ್ಷೆ ನಡೆದು, ಮಾದರಿಗಳನ್ನು ಅವರ ಮೂಲಕವೇ ನ್ಯಾಯ ವಿಜ್ಞಾನ ಪ್ರಯೋಗಾಲಯಕ್ಕೆ ಕಳುಹಿಸಲು ಅವಕಾಶವಾಗುತ್ತದೆ.

ಕಾನೂನಿನ ರಕ್ಷಣೆ

1ನೇ ಜುಲೈ 2024ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆ, 2023ರ 325ನೇ ಪ್ರಕರಣದ ಪ್ರಕಾರ ಕೇಡು ಬಗೆಯುವ ಉದ್ದೇಶದಿಂದ ಯಾವುದೇ ಪ್ರಾಣಿಯನ್ನು ಕೊಲ್ಲುವುದು ಅಥವಾ ಅದಕ್ಕೆ ವಿಷವಿಕ್ಕುವುದು ಐದು ವರ್ಷಗಳವರೆಗಿನ ಕಾರಾವಾಸ, ಜುಲ್ಮಾನೆ ಅಥವಾ ಎರಡರಿಂದಲೂ ದಂಡನೀಯವಾದ ಅಪರಾಧ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಅಧಿನಿಯಮ, 1960ರ 11ನೇ ಪ್ರಕರಣವೂ ಪ್ರಾಣಿಗಳಿಗೆ ಹಾನಿಕರ ಪದಾರ್ಥ ನೀಡುವುದನ್ನು ನಿಷೇಧಿಸಿದೆ. ಬೀದಿನಾಯಿಗಳಿಂದ ತೊಂದರೆಯಿದೆಯೆಂಬ ಕಾರಣಕ್ಕೆ ವಿಷವಿಡಲು ಯಾರಿಗೂ ಅಧಿಕಾರವಿಲ್ಲ. ಅಂತಹ ದೂರುಗಳನ್ನು ಸ್ಥಳೀಯ ಸಂಸ್ಥೆಗೆ ಸಲ್ಲಿಸಬೇಕು. ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ಉಚಿತವಾಗಿ ಪಡೆಯಲು ದೂರುದಾರರು ಹಕ್ಕುಳ್ಳವರಾಗಿರುತ್ತಾರೆ.

ಆದರೆ ಪರೀಕ್ಷಾ ವರದಿ ಬರುವ ಮೊದಲು ನೆರೆಯವರ ಮೇಲೆ ಆರೋಪ ಹೊರಿಸುವುದು ಸರಿಯಲ್ಲ. ಪಾರ್ವೋ ರೋಗದಲ್ಲಿ ರಕ್ತಭೇದಿ, ಉಣ್ಣೆಯಿಂದ ಹರಡುವ ಜ್ವರದಲ್ಲಿ ಮೂಗಿನಿಂದ ರಕ್ತ, ಡಿಸ್ಟೆಂಪರ್ ರೋಗದಲ್ಲಿ ಸೆಳವು ಕಂಡುಬರುವುದರಿಂದ ಇವು ವಿಷಪ್ರಾಶನವೆಂಬ ಭ್ರಮೆಯನ್ನು ಉಂಟುಮಾಡುತ್ತವೆ. ಜೋಪಾನ ಮಾಡಿದ ಮಾದರಿ ಹಾಗೂ ಮರಣೋತ್ತರ ವರದಿಗಳು ತಪ್ಪಿತಸ್ಥರನ್ನು ಗುರುತಿಸಲು ನೆರವಾಗುವಂತೆಯೇ ನಿರಪರಾಧಿಗಳನ್ನೂ ಕಾಪಾಡುತ್ತವೆ.

ಮುನ್ನೆಚ್ಚರಿಕೆ ಕ್ರಮಗಳು

* ಪ್ರತಿದಿನ ಬೆಳಿಗ್ಗೆ ನಾಯಿಯನ್ನು ಬಿಡುವ ಮೊದಲು ಗೇಟು, ಕಾಂಪೌಂಡಿನ ಅಂಚು ಹಾಗೂ ಗಿಡಗಳ ಬುಡವನ್ನು ಪರಿಶೀಲಿಸುವುದು.
* ಗೇಟಿನ ಕೆಳಗಿನ ಸಂದುಗಳನ್ನು ಜಾಲರಿಯಿಂದ ಮುಚ್ಚುವುದು.
* ನೆಲದ ಮೇಲೆ ಬಿದ್ದುದನ್ನು ತಿನ್ನದಂತೆ ಚಿಕ್ಕ ವಯಸ್ಸಿನಿಂದಲೇ ನಾಯಿಗೆ ತರಬೇತಿ ನೀಡುವುದು ಹಾಗೂ ಹೊರಗೆ ಒಯ್ಯುವಾಗ ಹಗ್ಗ ಹಾಕಿರುವುದು.
* ಇಲಿ ಮದ್ದನ್ನು ಇಡಲೇಬೇಕಾದಲ್ಲಿ ಇಲಿ ಮಾತ್ರ ನುಗ್ಗಬಲ್ಲ ಮುಚ್ಚಿದ ಪೆಟ್ಟಿಗೆಯೊಳಗೆ ಇಟ್ಟು, ಇಟ್ಟ ಸ್ಥಳ ಹಾಗೂ ದಿನಾಂಕವನ್ನು ಬರೆದಿಟ್ಟುಕೊಂಡು ನೆರೆಯವರಿಗೂ ಮನೆಗೆಲಸದವರಿಗೂ ತಿಳಿಸುವುದು. ಇಲಿ ಬೋನು ಬಳಸುವುದು ಇದಕ್ಕಿಂತ ಸುರಕ್ಷಿತ.
* ಸತ್ತ ಇಲಿಗಳನ್ನು ಕೂಡಲೇ ತೆಗೆದು ಆಳವಾಗಿ ಹೂಳುವುದು.
* ಸಮೀಪದ ಪಶು ಆಸ್ಪತ್ರೆ ಹಾಗೂ ರಾತ್ರಿ ವೇಳೆ ಲಭ್ಯವಿರುವ ಪಶುವೈದ್ಯರ ದೂರವಾಣಿ ಸಂಖ್ಯೆಗಳನ್ನು ಮನೆಯ ಎಲ್ಲರಿಗೂ ಕಾಣುವಂತೆ ಬರೆದಿಡುವುದು.

ಪಶುವೈದ್ಯಕೀಯ ನೆರವಿಗಾಗಿ ಉಚಿತ ಸಹಾಯವಾಣಿ 1962ಕ್ಕೂ, ಪೊಲೀಸ್ ನೆರವಿಗಾಗಿ 112ಕ್ಕೂ ಕರೆ ಮಾಡಬಹುದು. ಸ್ವಂತ ವಾಹನ ಲಭ್ಯವಿದ್ದಲ್ಲಿ ಸಂಚಾರಿ ಘಟಕಕ್ಕಾಗಿ ಕಾಯದೆ ಪ್ರಾಣಿಯನ್ನು ನೇರವಾಗಿ ಆಸ್ಪತ್ರೆಗೆ ಕರೆತರಲು ಸಾರ್ವಜನಿಕರಲ್ಲಿ ಕೋರಲಾಗಿದೆ.