ಹಳೆಯ ಸಣ್ಣ ಟ್ರ್ಯಾಕ್ಟರಿನ ಹೈಡ್ರಾಲಿಕ್ ದೋಷ: ಪಂಪು ಬದಲಿಸುವ ಮುನ್ನ

ವಿಜಯಪುರ ಜಿಲ್ಲೆಯ ಆಲಮೇಲ, ಸಿಂದಗಿ, ಇಂಡಿ ಭಾಗದ ದ್ರಾಕ್ಷಿ ಮತ್ತು ನಿಂಬೆ ತೋಟಗಳ ಇಕ್ಕಟ್ಟಾದ ಸಾಲುಗಳಲ್ಲಿ ದೊಡ್ಡ ಟ್ರ್ಯಾಕ್ಟರು ತಿರುಗಲಾರದು. ಅಲ್ಲಿ ಇಪ್ಪತ್ತು ಅಶ್ವಶಕ್ತಿಯ ಆಸುಪಾಸಿನ ಸಣ್ಣ ಟ್ರ್ಯಾಕ್ಟರುಗಳೇ ಆಧಾರ. ಇವು ಹಲವು ವರ್ಷ ದುಡಿದ ಮೇಲೆ ಕೇಳಿಬರುವ ಸಾಮಾನ್ಯ ದೂರು, 'ಲಿಫ್ಟ್ ಏಳುತ್ತಿಲ್ಲ' ಎಂಬುದು. ದೂರು ಬಂದೊಡನೆ ಪಂಪು ಬದಲಿಸಿ, ಆಮೇಲೂ ಲಿಫ್ಟ್ ಏಳದಿದ್ದರೆ ರೈತನ ಹಣ ವ್ಯರ್ಥವಾಗುತ್ತದೆ. ಬಿಡಿಭಾಗ ಮಾರಿದ ವ್ಯಾಪಾರಿಯ ಮೇಲಿನ ವಿಶ್ವಾಸವೂ ಕುಂದುತ್ತದೆ. ಆದುದರಿಂದ ಕಡಿಮೆ ಖರ್ಚಿನ ಪರೀಕ್ಷೆಯನ್ನು ಮೊದಲು ಮಾಡುವುದು ಲೇಸು.

ವ್ಯವಸ್ಥೆಯ ಸ್ವರೂಪ

ಎಂಜಿನ್ನಿನಿಂದ ತಿರುಗುವ ಪಂಪು ಜಾಲರಿ ಫಿಲ್ಟರಿನ ಮೂಲಕ ಎಣ್ಣೆಯನ್ನು ಎಳೆದುಕೊಂಡು ಕಂಟ್ರೋಲ್ ವಾಲ್ವಿಗೆ ಕಳುಹಿಸುತ್ತದೆ. ಅಲ್ಲಿಂದ ಎಣ್ಣೆಯು ಸಿಲಿಂಡರಿಗೆ ಹೋಗಿ ಪಿಸ್ಟನ್ನನ್ನು ತಳ್ಳಿದಾಗ ಲಿಫ್ಟಿನ ತೋಳುಗಳು ಏಳುತ್ತವೆ. ಒತ್ತಡ ಮಿತಿ ಮೀರಿದರೆ ರಿಲೀಫ್ ವಾಲ್ವ್ ತೆರೆದು ಎಣ್ಣೆಯನ್ನು ಹಿಂದಕ್ಕೆ ಬಿಡುತ್ತದೆ. ಅನೇಕ ಮಾದರಿಗಳಲ್ಲಿ ಗೇರ್ ಬಾಕ್ಸಿನ ಎಣ್ಣೆಯೇ ಹೈಡ್ರಾಲಿಕ್ಕಿಗೂ ಬಳಕೆಯಾಗುವುದರಿಂದ, ಸವೆದ ಗೇರಿನ ಲೋಹದ ಕಣಗಳು ಫಿಲ್ಟರಿಗೆ ಬಂದು ಸೇರುತ್ತವೆ.

ಮೊದಲು ನೋಡಬೇಕಾದವು

1. ಎಣ್ಣೆಯ ಮಟ್ಟ ಮತ್ತು ಬಣ್ಣ: ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ, ನೊರೆಯಿದ್ದರೆ ಗಾಳಿ ಸೇರಿದೆ.
2. ಫಿಲ್ಟರ್: ಕಟ್ಟಿಕೊಂಡಿದ್ದರೆ ಸ್ವಚ್ಛಗೊಳಿಸಬೇಕು ಅಥವಾ ಬದಲಿಸಬೇಕು.
3. ಎಣ್ಣೆ ಎಳೆಯುವ ಪೈಪಿನ ಕೂಡಿಕೆ: ಸಡಿಲವಾಗಿದ್ದರೆ ಪಂಪು ಗಾಳಿಯನ್ನೆಳೆದು ಕೀಚಲು ಸದ್ದು ಮಾಡುತ್ತದೆ, ಲಿಫ್ಟ್ ಜರ್ಕು ಹೊಡೆಯುತ್ತದೆ.
4. ಲಿವರಿನ ಜೋಡಣೆ: ಸರಳು ಜಾರಿದ್ದರೆ ಅಥವಾ ಪಿನ್ನು ಸವೆದಿದ್ದರೆ ವಾಲ್ವ್ ಪೂರ್ತಿ ತೆರೆಯುವುದಿಲ್ಲ.

ಲಕ್ಷಣದಿಂದ ಕಾರಣಕ್ಕೆ

ಎಣ್ಣೆ ತಣ್ಣಗಿರುವಾಗ ಲಿಫ್ಟ್ ಚೆನ್ನಾಗಿ ಎದ್ದು, ಬಿಸಿಯಾದಂತೆ ಸೋತರೆ, ಒಳಗೆಲ್ಲೋ ಸವೆತದಿಂದ ಸೋರಿಕೆಯಾಗುತ್ತಿದೆ ಎಂದರ್ಥ. ಕಾದ ಎಣ್ಣೆ ತೆಳುವಾಗಿ ಸಣ್ಣ ಸಂದಿನಿಂದಲೂ ಹಿಂದಕ್ಕೆ ಹರಿಯುತ್ತದೆ. ಈ ಭಾಗದ ಬೇಸಿಗೆಯಲ್ಲಿ ದೋಷವು ಬೇಗ ಬಯಲಾಗಲು ಇದೇ ಕಾರಣ. ಇದಕ್ಕೆ ವಿರುದ್ಧವಾಗಿ, ಎತ್ತಿದ ರೋಟಾವೇಟರ್ ಎಂಜಿನ್ ನಿಲ್ಲಿಸಿದ ಮೇಲೆ ತಾನಾಗಿ ಕೆಳಗಿಳಿದರೆ ದೋಷ ಪಂಪಿನದಲ್ಲ. ಪಿಸ್ಟನ್ನಿನ ಸೀಲ್ ಅಥವಾ ವಾಲ್ವ್ ಸೋರುತ್ತಿದೆ. ಬರಿಯ ತೋಳು ಏಳುತ್ತದೆ, ಭಾರ ಏಳುವುದಿಲ್ಲ ಎಂದಾದರೆ ಪ್ರೆಶರ್ ಗೇಜ್ ಜೋಡಿಸಿ ನೋಡಬೇಕು. ಕೈಪಿಡಿಯಲ್ಲಿ ಹೇಳಿದ ಒತ್ತಡ ಬಾರದಿದ್ದರೆ ಮಾತ್ರ ರಿಲೀಫ್ ವಾಲ್ವನ್ನೂ, ಅದು ಸರಿಯಿದ್ದಲ್ಲಿ ಪಂಪನ್ನೂ ಸಂಶಯಿಸಬೇಕು. ಗೇಜಿಲ್ಲದೆ ರಿಲೀಫ್ ವಾಲ್ವನ್ನು ಬಿಗಿಗೊಳಿಸುವುದು ಅಪಾಯಕರ. ಹೋಸ್ ಒಡೆಯಬಹುದು, ಪಂಪು ಸೀಳಬಹುದು.

ವ್ಯಾಪಾರಿಗಳೂ ತಯಾರಕರೂ ಗಮನಿಸಬೇಕಾದುದು

ಸೀಲ್ ಮತ್ತು ಓ-ರಿಂಗುಗಳು ಎಣ್ಣೆ ತಡೆಯುವ ನೈಟ್ರೈಲ್ ರಬ್ಬರಿನವಾಗಿರಬೇಕು. ಸಾದಾ ರಬ್ಬರು ಎಣ್ಣೆಯಲ್ಲಿ ಊದಿಕೊಂಡು ಮೆತ್ತಗಾಗುತ್ತದೆ. ಅಳತೆಯನ್ನು ಹಳೆಯ, ಹಿಗ್ಗಿದ ಸೀಲಿನಿಂದಲ್ಲ, ಅದು ಕೂರುವ ಗಾಡಿಯಿಂದ ಮಿಲಿಮೀಟರಿನಲ್ಲಿ ತೆಗೆದುಕೊಳ್ಳಬೇಕು. ಎಣ್ಣೆಯನ್ನೂ ಕೈಪಿಡಿಯಲ್ಲಿ ಸೂಚಿಸಿದ ದರ್ಜೆಯದನ್ನೇ ಕೊಡಬೇಕು.

ಎತ್ತಿದ ಉಪಕರಣದ ಕೆಳಗೆ ಯಾರೂ ಕೈ ಹಾಕಕೂಡದು; ಬಿಚ್ಚುವ ಮುನ್ನ ಅದನ್ನು ನೆಲಕ್ಕಿಳಿಸಿ ಎಂಜಿನ್ ನಿಲ್ಲಿಸಬೇಕು. ಸೋರಿಕೆಯನ್ನು ಬೆರಳಿನಿಂದ ಹುಡುಕದೆ ರಟ್ಟಿನ ತುಂಡಿನಿಂದ ನೋಡಬೇಕು. ಒತ್ತಡದ ಎಣ್ಣೆ ಚರ್ಮವನ್ನು ತೂರಿ ಒಳಹೋದರೆ ತಕ್ಷಣ ಆಸ್ಪತ್ರೆಗೆ ಧಾವಿಸಬೇಕು.

ಪಂಪು ಮಾರಿದರೆ ಲಾಭ ಒಮ್ಮೆ ಮಾತ್ರ. ನಿಜವಾದ ದೋಷವನ್ನು ತೋರಿಸಿ ಒಂದು ಸೀಲ್ ಮಾರಿದ ಅಂಗಡಿಗೆ ಗಿರಾಕಿ ಮುಂದಿನ ಹಂಗಾಮಿಗೂ ಬರುತ್ತಾನೆ.